ತುಟಿ ಕಾಣುವ ಹಾಗೆ ಒಂದು ಡಿಸ್ಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಆ ಗಾದೆ ಕಟ್ಟಿದವರಿಗೆ ಮಾಡಿದ ಮದುವೆಯನ್ನು ಒಂದೇ ಡಿವಿಡಿಗೆ ತುಂಬುವ ಕೆಲಸ ಗೊತ್ತಿರಲಿಲ್ಲ. ಅದನ್ನು ನಾನು ಯಲಬುರ್ಗಾದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ವರ್ಷಗಟ್ಟಲೆ ಮಾಡಿದೆ. ನನ್ನ ಗಂಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕುಷ್ಟಗಿ, ಗಂಗಾವತಿ, ಹುಲಿಗಿ ಅಂತ ಮದುವೆ ತಿರುಗುತ್ತಿದ್ದರು. ಅವರು ತಂದ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಕೂಡಿಸಿ, ಡಿಸ್ಕ್ ರೈಟ್ ಮಾಡುವುದು ನನ್ನ ಪಾಲು. ಹುಗ್ಗಿ ಊಟ ಅವರಿಗೆ, ಸೊಂಟನೋವು ನನಗೆ.

ನಮ್ಮ ಕಡೆ ಮದುವೆ ಡಿಸ್ಕಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಆಯೇರಿ ಪೂರ್ತಿ ಬರಬೇಕು. ಆಯೇರಿ ಎಂದರೆ ಬೀಗರು ಬಿಜ್ಜರು ಒಬ್ಬೊಬ್ಬರಾಗಿ ಬಂದು ಸೀರೆ, ಪಂಚೆ, ಟವೆಲ್ಲು ಕೊಡುವುದು, ಮೈಕಿನಲ್ಲಿ ಅವರ ಹೆಸರು ಕೂಗುವುದು. ಒಬ್ಬ ಸೋದರಮಾವನ ಟವೆಲ್ಲು ಬಿಟ್ಟುಹೋದರೂ ಎರಡು ಮನೆತನ ಮಾತು ಬಿಡುತ್ತಿದ್ದವು. ಎರಡನೆಯದು, ಏನೇ ಆದರೂ ಡಿಸ್ಕು ಒಂದೇ ಇರಬೇಕು. ಎರಡು ಡಿಸ್ಕು ಮಾಡಿಕೊಡುತ್ತೇನೆ, ಚಿತ್ರ ಸ್ವಚ್ಛ ಬರುತ್ತದೆ ಅಂದರೆ ಹಿರಿಯರು ಕೈ ಮುಗಿದುಬಿಡುತ್ತಿದ್ದರು. "ಮದುವಿ ಎರಡು ತುಂಡು ಮಾಡಬ್ಯಾಡ್ರಿ ಅಕ್ಕಾರ, ಛಲೋ ಅಲ್ಲ ಅದು."

ಶಕುನದ ಮುಂದೆ ನನ್ನ ಮಾತು ಎಲ್ಲಿ ನಡೆಯಬೇಕು? ಒಂದು ಡಿವಿಡಿಯಲ್ಲಿ ಒಂದೂವರೆ ಗಂಟೆಯ ಚಿತ್ರ ಅಂದವಾಗಿ ಕೂಡುತ್ತದೆ. ಅದರಲ್ಲಿ ಐದಾರು ಗಂಟೆ ತುರುಕಬೇಕೆಂದರೆ ಪ್ರತಿ ಸೆಕೆಂಡಿಗೆ ಸಿಗುವ ಜಾಗವನ್ನು, ನಾವು ಬಿಟ್‌ರೇಟ್ ಅನ್ನುವುದನ್ನು, ಇಳಿಸುತ್ತಾ ಹೋಗಬೇಕು. ಸುಮ್ಮನೆ ಕೂತ ಅಜ್ಜ ಆಗಲೂ ಚೆನ್ನಾಗಿಯೇ ಕಾಣುತ್ತಾನೆ. ಅಕ್ಕಿಕಾಳು ಹಾರಿದರೆ, ಯಾರಾದರೂ ನಕ್ಕರೆ, ಅತ್ತರೆ ಸಾಕು, ಮುಖವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಅಲುಗುವುದಕ್ಕೇ ಜಾಗ ಹೆಚ್ಚು ಬೇಕು, ಮದುವೆಯಲ್ಲಿ ಅಲುಗದ್ದು ಯಾವುದು? ಹೇಳಿ ಹೇಳಿ ನನಗೆ ಬೇಸತ್ತಿತ್ತು. ಕೊನೆಕೊನೆಗೆ ಕೇಳಿದವರಿಗೆಲ್ಲ ಹೂಂ ಅಂದು, ಕೇಳಿದಷ್ಟು ತುರುಕಿ ಕೊಟ್ಟುಬಿಡುತ್ತಿದ್ದೆ.

ಅಂಥ ದಿನಗಳ ಒಂದು ಮಧ್ಯಾಹ್ನ, ಆಗಷ್ಟೇ ಕರೆಂಟು ಬಂದಿತ್ತು, ಗಂಡ ಹೆಂಡತಿ ಇಬ್ಬರು ಬಂದರು. ಕುಷ್ಟಗಿ ಕಡೆಯ ಹಳ್ಳಿಯವರು, ಅವಳ ತವರು ಬೇವೂರು. ಅವನು ತಮ್ಮ ಮದುವೆಯ ಡಿಸ್ಕು ಮುಂದಿಟ್ಟ. ನಮ್ಮದಲ್ಲ, ಬೇರೆ ಯಾರೋ ಮಾಡಿದ್ದು. "ಇದನ್ನ ಸ್ವಚ್ಛ ಮಾಡಿ ಕೊಡ್ರಿ ಅಕ್ಕಾರ. ಮಂದಿ ಬಾಯಿ ಕಾಣವಲ್ದು" ಅಂದ.

ಮಂದಿಯ ಬಾಯಿ ನೋಡಿ ಏನು ಮಾಡುತ್ತೀರಿ ಅಂತ ನಾನು ಸ್ವಲ್ಪ ಸಿಡುಕಿಯೇ ಕೇಳಿದೆ. ಆಗ ಅವಳು ಮಾತಾಡಿದಳು. ಏರಿಳಿತವಿಲ್ಲದ, ಎತ್ತರದ ದನಿ. ಚಿಕ್ಕವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿಯೇ ಅವಳು ಮಾತು ಹಿಡಿಯುತ್ತಿದ್ದಳು. ಎಲ್ಲರ ತುಟಿಯೂ ಪೂರ್ತಿ ಸಿಗುತ್ತಿರಲಿಲ್ಲ, ಅವ್ವನ ತುಟಿ ಮಾತ್ರ ಒಂದಕ್ಷರ ತಪ್ಪುತ್ತಿರಲಿಲ್ಲ.

"ನನ್ನ ಒಪ್ಪಿಸಿ ಕೊಡೂ ಮುಂದ ಅವ್ವ ನಮ್ಮತ್ತಿಗೆ ಏನೋ ಹೇಳಿದ್ಲರಿ. ಭಾಳೊತ್ತು ಹೇಳಿದ್ಲು. ನಾ ಅತ್ತಿ ತೊಡಿಮ್ಯಾಲೆ ತಲಿ ಬಗ್ಗಿಸಿ ಕುಂತಿದ್ದೆ, ನೋಡಲಿಲ್ಲ. ಅವ್ವ ಹೋಗಿ ವರ್ಷಾತು. ಏನಂದ್ಲು ನೋಡಬೇಕ್ರಿ."

ಅತ್ತೆಯನ್ನು ಕೇಳಲಿಲ್ಲವೇ ಅಂದೆ. "ಕೇಳಿದೆವ್ರಿ" ಎಂದ ಗಂಡ. "'ಎಲ್ಲಾ ಅವ್ವಗೋಳು ಅನ್ನೂದ ಅಂದ್ಲು ಬಿಡೋ' ಅಂತಾಳ. ನಮ್ಮವ್ವ ಮಾತಾಡೂದ ಕಡಿಮಿ."

ಡಿಸ್ಕು ಹಾಕಿ ನೋಡಿದೆ. ಒಪ್ಪಿಸುವ ಶಾಸ್ತ್ರದ ಹೊತ್ತಿಗೆ ಸರಿಯಾಗಿ ಒಂದು ಅಳುವ ಸಿನಿಮಾ ಹಾಡು. ಮೂಲದ ದನಿ ತೆಗೆದು ಹಾಡು ಹಾಕುವುದೇ ಆಗಿನ ಪದ್ಧತಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಚಿತ್ರದಲ್ಲಿ ತಾಯಿಯ ಮೂಗಿನ ಕೆಳಗೆ ಕಂದು ಚೌಕಗಳು ಕುಣಿಯುತ್ತಿದ್ದವು. ಕಂಪ್ಯೂಟರಿನಲ್ಲಿ ಎಲ್ಲವೂ ಆಗುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಆದರೆ ಹೋದದ್ದು ಹೋಯಿತು. ಸಣ್ಣ ಫೈಲನ್ನು ದೊಡ್ಡ ಫಾರ್ಮ್ಯಾಟಿಗೆ ಬದಲಿಸಿದರೆ ಫೈಲು ಉಬ್ಬುತ್ತದೆ, ತುಟಿ ಹುಟ್ಟುವುದಿಲ್ಲ. ಅಷ್ಟನ್ನು ಅವಳ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ನನಗೇ ಸಾಕಾಯಿತು.

"ಟೇಪು ಇದ್ರ ಆಗ್ತೈತೇನ್ರಿ?" ಅಂದಳು.

ಟೇಪನ್ನು ಯಾರು ಇಟ್ಟಿರುತ್ತಾರೆ? ನಾವು ಒಂದೇ ಟೇಪಿನ ಮೇಲೆ ಅಳಿಸಿ ಅಳಿಸಿ ಮೂರು ಮದುವೆ ತೆಗೆಯುತ್ತಿದ್ದೆವು. ಆದರೆ ಅವಳ ಅಣ್ಣ ಹಟ ಹಿಡಿದು ಕ್ಯಾಮೆರಾದವನಿಂದ ಟೇಪು ಕೊಂಡು, ಏನು ಮಾಡಬೇಕೆಂದು ತಿಳಿಯದೆ ಟ್ರಂಕಿನಲ್ಲಿ ಹಾಕಿಟ್ಟಿದ್ದನಂತೆ. ಮುಂದಿನ ವಾರ ಅದನ್ನು ಕುಪ್ಪಸದ ಬಟ್ಟೆಯಲ್ಲಿ ಸುತ್ತಿಕೊಂಡು ತಂದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಓಡಿಸುವ ಹಳೆಯ ಕ್ಯಾಮೆರಾ ನಮ್ಮಲ್ಲಿ ಇನ್ನೂ ಉಸಿರಾಡುತ್ತಿತ್ತು.

ದಣಿವು ನಿಜ, ಆದರೆ ಆ ಕೆಲಸವನ್ನು ಮಾತ್ರ ನಾನು ಮೈಗಳ್ಳತನ ಮಾಡದೆ ಮಾಡಿದೆ. ಟೇಪಿನಿಂದ ನೇರವಾಗಿ ಎವಿಐ ಫೈಲಾಗಿ, ಏನನ್ನೂ ಹಿಂಡದೆ ಇಳಿಸಿದೆ. ಅದು ಹಾರ್ಡ್‌ಡಿಸ್ಕನ್ನು ಬಕಾಸುರನ ಹಾಗೆ ತಿನ್ನುತ್ತದೆ, ತಿನ್ನಲಿ ಅಂದೆ. ಮೊದಲು ಹೆಡ್‌ಫೋನು ಹಾಕಿ ಕೇಳಿದೆ, ತಾಯಿಯ ದನಿಯೇ ಸಿಕ್ಕರೆ ತುಟಿಯ ಗೊಡವೆ ಏಕೆ? ಅಲ್ಲಿ ಇದ್ದದ್ದು ಬರೀ ಮೈಕಿನವನು. ಇತ್ತ ಹೆಣ್ಣು ಒಪ್ಪಿಸುತ್ತಿದ್ದರೆ ಅತ್ತ ಅವನು ಇನ್ನೂ ಆಯೇರಿ ಕೂಗುತ್ತಿದ್ದ. ಆ ಮನುಷ್ಯನ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಉಳಿದದ್ದು ತುಟಿಯೊಂದೇ. ಒಪ್ಪಿಸುವ ಭಾಗವನ್ನಷ್ಟೇ ಕತ್ತರಿಸಿ, ಡಿವಿಡಿಗೆ ಬೇಕಾದ ಎಂಪೆಗ್-ಟು ಮಾಡಿದೆ, ಬಿಟ್‌ರೇಟನ್ನು ಪ್ಲೇಯರು ತಾಳುವಷ್ಟು ಮೇಲಕ್ಕೆ ಏರಿಸಿ. ಮೊದಲನೆಯ ಡಿಸ್ಕಿನಲ್ಲಿ ತಾಯಿಯ ಬಾಯಿ ಗಡಗಡ ನಡುಗಿತು. ಟೀವಿ ಚಿತ್ರ ಒಂದು ಗೆರೆ ಬಿಟ್ಟು ಒಂದು ಗೆರೆಯಾಗಿ ಬರುತ್ತದೆ. ಆ ಟೇಪಿನಲ್ಲಿ ಕೆಳಗಿನ ಗೆರೆ ಮೊದಲು, ನಾನು ಮೇಲಿನದನ್ನು ಮೊದಲು ಕೊಟ್ಟಿದ್ದೆ. ಕೂತ ಅಜ್ಜನಲ್ಲಿ ಅದು ತಿಳಿಯುವುದೇ ಇಲ್ಲ, ಮಾತಾಡುವ ತುಟಿಯಲ್ಲಿ ತಿಳಿಯುತ್ತದೆ. ಆ ಡಿಸ್ಕನ್ನು ಬಿಸಾಕಿ, ಗೆರೆಗಳ ಸರದಿ ಸರಿಮಾಡಿ, ಇನ್ನೊಂದನ್ನು ಆತುರಪಡದೆ ಕಡಿಮೆ ವೇಗದಲ್ಲಿ ರೈಟ್ ಮಾಡಿದೆ.

ಅವರು ಬಂದ ದಿನ ಅದನ್ನು ನಮ್ಮ ಪಡಸಾಲೆಯ ಟೀವಿಯಲ್ಲೇ ಹಾಕಿದೆ. ಅವಳು ಚಾಪೆ ಬೇಡವೆಂದು ಟೀವಿಗೆ ಹತ್ತಿರ ನೆಲದ ಮೇಲೆ ಕೂತಳು. ಗಂಡ ಬಾಗಿಲ ಹತ್ತಿರ ನಿಂತ. ಚಿತ್ರದಲ್ಲಿ ಹಸಿರು ಸೀರೆಯ ತಾಯಿ, ಕಣ್ಣು ಒರೆಸಿಕೊಳ್ಳುತ್ತಾ ಬೀಗತಿಯ ಕಡೆ ಬಾಗಿದಳು. ಬಾಯಿ ಸ್ವಚ್ಛ ಕಾಣುತ್ತಿತ್ತು, ಒಂದು ಹಲ್ಲು ಇಲ್ಲದ್ದೂ ಕಾಣುತ್ತಿತ್ತು. ರಿಮೋಟು ಮಗಳ ಕೈಯಲ್ಲಿತ್ತು. ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಬಿಟ್ಟು, ಸಾಲೆಯ ಮಕ್ಕಳು ಪಾಠ ಓದುವ ಹಾಗೆ ಜೋರಾಗಿ ಓದತೊಡಗಿದಳು.

"'ಯಕ್ಕಾ, ಕೆಲಸ ಎಲ್ಲಾ ಕಲಿಸೀನಿ. ಹಗಲೊತ್ತು ನಿಮಗ ತ್ರಾಸ ಆಗಂಗಿಲ್ಲ, ಬಾಯಿ ನೋಡಿ ತಿಳ್ಕೋತಾಳ.'"

ಹಿಂದೆ ಸರಿಸಿದಳು. ಮತ್ತೆ ನೋಡಿದಳು.

"'ರಾತ್ರಿ ಕರೆಂಟ್ ಹೋದ್ರ ಇಕಿಗೆ ಮಾತ ಇರಂಗಿಲ್ಲ. ಕತ್ತಲಾಗ ಒಬ್ಬಾಕಿನ ಆಗಿಬಿಡ್ತಾಳ. ಅಂಜ್ತಾಳ, ಹೇಳಂಗಿಲ್ಲ. ಎಲ್ಲೆರ ಒಂದು ಸಣ್ಣ ದೀಪ ಹಚ್ಚಿಡ್ರಿ.'"

ಚಿತ್ರದಲ್ಲಿ ಅತ್ತೆ ಸೊಸೆಯ ತಲೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು, ಅಷ್ಟೇ. ಓದುತ್ತಿದ್ದವಳು ಚಿತ್ರವನ್ನು ಅಲ್ಲಿಗೆ ನಿಲ್ಲಿಸಿದಳು. ಟೀವಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನಾನು ಎದ್ದು ಎದುರಿಗೆ ಹೋಗಿ, ಏನಾಯಿತು ತಂಗೀ ಎಂದು ಕೇಳಿದೆ.

"ನಮ್ಮತ್ತಿ ದಿನಾ ಮಲಗೂ ಮುಂದ ಅಡಗಿಮನಿ ಬಾಗಿಲದಾಗ ಚಿಮಣಿ ದೀಪ ಸಣ್ಣಗ ಮಾಡಿ ಇಡ್ತಾಳ್ರಿ" ಅಂದಳು. "ಕರೆಂಟ್ ಇದ್ದಾಗ ಎಣ್ಣಿ ದಂಡ ಅಂತ ನಾನು ಹೋಗಿ ಆರಿಸಿ ಬರ್ತೀನಿ. ಆಕಿ ಎದ್ದು ಮತ್ತ ಹಚ್ತಾಳ. ಇಷ್ಟು ವರ್ಷಾತು, ಒಂದು ದಿನಾನೂ ಯಾಕಂತ ಹೇಳಿಲ್ರಿ."