ಕಡೆಯ ಗುಡ್ಡೆ

ಮಂಡ್ಯದ ಕೋರ್ಟಿನಲ್ಲಿ ನನ್ನ ಗಂಡ ಅಪರಾಧಿ ಎಂದು ತೀರ್ಪಾದಾಗ ಯುಗಾದಿ ಹತ್ತಿರವಿತ್ತು. ಊರಿನ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು ಸದಸ್ಯರ ಹೆಸರಿನಲ್ಲಿ ಸುಳ್ಳು ಸಾಲ ಬರೆದು ಹಣ ನುಂಗಿದ್ದರು. ಆಮೇಲೆ ಸೈಟು ಮಾರಿ ಕಟ್ಟಿದರೇನು, ಮಾಡಿದ್ದುಣ್ಣೋ ಮಾರಾಯ. ಮೂರು ವರ್ಷ ಸಜೆಯಾಯಿತು. ಮೇಲ್ಮನವಿ ಹಾಕಿಕೊಳ್ಳಲೆಂದು ಅಂದೇ ಜಾಮೀನೂ ಸಿಕ್ಕಿತು. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮನೆ ಸೇರಿದವರು ಮತ್ತೆ ಹೊಸ್ತಿಲು ದಾಟಲಿಲ್ಲ. ನಾನೂ ಅವರೊಡನೆ ಮಾತು ಬಿಟ್ಟೆ. ಬಾಯಿ ತೆರೆದರೆ ಎಲ್ಲಿ ಹೋಗಿ ನಿಲ್ಲುತ್ತದೋ, ಅಷ್ಟು ಸಿಟ್ಟಿತ್ತು.

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು. ಬೀದಿಯವರೆಲ್ಲ ಸೇರಿ ಕುರಿಮರಿ ಕೊಯ್ಯಿಸಿ, ಮನೆಗೊಂದು ಗುಡ್ಡೆ ಮಾಂಸ ಹಂಚಿಕೊಳ್ಳುತ್ತೇವೆ. ತಕ್ಕಡಿ ಇಲ್ಲ, ಎಲ್ಲ ಕಣ್ಣಳತೆ. ಆ ಗುಡ್ಡೆ ಹಾಕುವ ಕೆಲಸ ಮೊದಲಿನಿಂದಲೂ ನನ್ನ ಗಂಡನದು. ಯಾರೂ ತಕರಾರು ಎತ್ತಿದ್ದಿಲ್ಲ. ಈ ಸಲ ನಮಗೆ ಪಾಲು ಬೇಕಾ ಎಂದು ಕೇಳಲೂ ಯಾರೂ ಬರಲಿಲ್ಲ. ಬೀದಿ ನಮ್ಮ ಕೈಬಿಟ್ಟಿತು ಅಂದುಕೊಂಡು, ಹೊಸತೊಡಕಿನ ಬೆಳಿಗ್ಗೆ ಸಂಕಟದಲ್ಲೇ ಬೇಳೆ ಬೇಯಲು ಇಟ್ಟೆ.

ಅಷ್ಟರಲ್ಲಿ ಬಾಗಿಲಿಗೆ ಎದುರುಮನೆಯ ಅಜ್ಜಿ ಬಂದಳು. ಅವಳ ಹೆಸರಲ್ಲೂ ಸುಳ್ಳು ಸಾಲ ಬರೆದಿದ್ದರು; ಕೋರ್ಟಿಗೆ ಬಂದು ಇವರ ಎದುರೇ ಸಾಕ್ಷಿ ಹೇಳಿದವಳು.

“ಎಲ್ಲವ್ವ ನಿನ್ ಗಂಡ? ಮರಿ ಕುಯ್ದಾಗದೆ, ಗುಡ್ಡೆ ಆಕಾಕೆ ಬರ್ಲಿ.”

“ಅವರ್ನ ನಂಬ್ತೀಯಾ ಅಜ್ಜಿ?” ಅಂದೆ.

“ನಂಬೋದ್ಯಾಕೆ? ಗುಡ್ಡೆ ಆಕ್ದೋನು ಕಡೇ ಗುಡ್ಡೆ ತಕೋಬೇಕು. ಕಮ್ಮಿ ಬಿದ್ರೆ ಅವನ್ಗೇ ಬೀಳ್ತದೆ ಬುಡು!”

ಇವರು ಹೋದರು, ಹಿಂದೆಯೇ ನಾನೂ ಹೋದೆ. ಬೀದಿಯಲ್ಲಿ ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಇವರು ಬಾಳೆಲೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗುಡ್ಡೆ ಹಾಕಿದರು. ಎಲ್ಲರೂ ಒಂದೊಂದು ಗುಡ್ಡೆ ಎತ್ತಿಕೊಂಡ ಮೇಲೆ ಉಳಿದದ್ದು ನಮ್ಮದು. ಚಿಕ್ಕದೆಂದು ನೋಡಿದರೇ ತಿಳಿಯುತ್ತಿತ್ತು. ಅಜ್ಜಿ ಬಗ್ಗಿ ನೋಡಿ, ತನ್ನ ಪಾತ್ರೆಯಿಂದ ಪಕ್ಕೆಯ ತುಂಡೊಂದನ್ನು ತೆಗೆದು ಅದರ ಮೇಲೆ ಹಾಕಿದಳು.

“ಅಳ್ತೆ ತೆಪ್ಪೋಗದೆ ಕಣ್ಲಾ ನಿಂಗೆ. ಬರೋ ವರ್ಸ ಸರ್ಯಾಗಿ ಆಕು.”

ಬರುವ ವರ್ಷ ಇವರು ಊರಲ್ಲಿರುತ್ತಾರೋ ಜೈಲಲ್ಲಿರುತ್ತಾರೋ, ಮೇಲಿನ ಕೋರ್ಟಿಗೇ ಗೊತ್ತು. ಆದರೂ ಅಜ್ಜಿಯ ಬಾಯಲ್ಲಿ ಆ ಮಾತು ಬಂತಲ್ಲ ಎಂದು ನನ್ನ ಎದೆ ಹಗುರಾಯಿತು. ಮನೆಗೆ ಬಂದ ಮೇಲೆ ಇವರು ಮಾಂಸದ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದರು. ತೀರ್ಪಿನ ದಿನದಿಂದ ಕಟ್ಟಿದ್ದ ಬಾಯಿ ಬಿಟ್ಟೆ.

“ಸುಮ್ನೆ ನಿಂತ್ಕಂಡ್ರೆ ಸಾರಾಯ್ತದಾ? ಬೆಳ್ಳುಳ್ಳಿ ಸುಲೀರಿ.”