ಕೇಸು ಗೆದ್ದವನ ಕಬ್ಬು

ಬೆಳಗಾವಿಯಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ಚಾಲಕನ ಹಿಂದಿನ ಆಸನ ಸಿಕ್ಕಿತು. ಟಿಕೇಟಿಗೆ ಒಂದು ರೂಪಾಯಿ ಎರಡಾಣೆ. ಶಿವರಾತ್ರಿ ಮುಗಿದಿತ್ತು, ಬೆಳಗಿನ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಹತ್ತರ ಹೊತ್ತಿಗೆ ಬಸ್ಸಿನ ತಗಡು ಕಾಯತೊಡಗಿತು. ಜಾತಿಯ ಹಿರಿಯರು ಕೂಡಿ ಯಾರನ್ನೂ ಹೊರಹಾಕುವಂತಿಲ್ಲ, ಹಾಕಿದರೆ ದಂಡ ಎಂದು ಮುಂಬೈ ಸರಕಾರ ಕೆಲವು ವರ್ಷಗಳ ಹಿಂದೆ ಕಾಯ್ದೆ ಮಾಡಿತ್ತು. ಆ ಕಾಯ್ದೆ ಹಳ್ಳಿಯಲ್ಲಿ ಏನು ಮಾಡಿದೆ ಎಂದು ನೋಡಿ ಬರೆಯಲು ಸಂಪಾದಕರು ನನ್ನನ್ನು ಕಳಿಸಿದ್ದರು. ಗೋಕಾಕದ ಕೋರ್ಟಿನಲ್ಲಿ ಒಬ್ಬ ರೈತ ಅಂಥ ಕೇಸು ಗೆದ್ದಿದ್ದ. ಅವನನ್ನು ಇಲ್ಲಿ ಸಿದ್ರಾಮಪ್ಪ ಎಂದು ಕರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಮೂಡಲಗಿಯ ಆಚೆ, ಕಾಲುವೆಯ ನೀರಿಗೆ ಕಬ್ಬು ಬೆಳೆಯುವ ಊರು ಎಂದರೆ ಸಾಕು.

ಹುಕ್ಕೇರಿಯಲ್ಲಿ ನಾನು ಇಳಿದದ್ದು ಸೋತವರ ವಕೀಲರನ್ನು ಕಾಣಲು. ದಪ್ಪ ಮೀಸೆಯ, ನಗುಮುಖದ ಮನುಷ್ಯ. ಒಗ್ಗರಣೆ ಹಾಕಿದ ಚುರಮುರಿ, ಚಹಾ ತರಿಸಿದರು. ಕೇಸಿನ ಮೂಲ ಒಂದು ಬದುವಿನ ಜಗಳ. ಆ ಸೀಮೆಯಲ್ಲಿ ಊರ ಹಿರಿಯರ ಸಭೆಗೆ ‘ದೈವ’ ಎನ್ನುತ್ತಾರೆ. ದೈವ ಕೂಡಿ ಬದುವನ್ನು ಸಿದ್ರಾಮಪ್ಪನ ನೆರೆಯವನಿಗೆ ಕೊಟ್ಟಿತು. ಸಿದ್ರಾಮಪ್ಪ ಒಪ್ಪದೆ ಗೋಕಾಕದ ಕೋರ್ಟಿಗೆ ಹೋದ. ದೈವದ ಮಾತು ಮೀರಿದ ಎಂದು ಜಾತಿಯವರು ಅವನನ್ನು ಹೊರಗಿಟ್ಟರು. ಅವನು ಹೊಸ ಕಾಯ್ದೆಯಡಿ ಇನ್ನೊಂದು ಕೇಸು ಹಾಕಿದ. ಎರಡನ್ನೂ ಗೆದ್ದ. ಊರ ಗೌಡರೂ ಸೇರಿ ಐವರು ಹಿರಿಯರು ದಂಡ ಕಟ್ಟಿದರು.

“ಸೋತ ಮ್ಯಾಲ ಬಂದು, ಸಾಹೇಬ್ರ, ಇನ್ನೇನ್ ಮಾಡೂಣು ಅಂದ್ರು,” ಎಂದರು ವಕೀಲರು. “ಮಾತಾಡಸ್ರಪಾ ಅಂದೆ. ಮಾತಾಡಸಲಿಲ್ಲ ಅಂತ ಮತ್ತೊಂದು ಕೇಸ್ ಆಗಬಾರ್ದು. ದಿನಾ ಒಂದ್ ಮಾತ್ ಕೇಳ್ರಿ, ನಾಕ್ ಮಂದಿ ಎದುರಿಗೆ ಕೇಳ್ರಿ.”

“ಯಾವ ಮಾತು?”

“ಅದನ್ನ ಕಾಯ್ದೆ ಹೇಳಿಲ್ಲಲ್ರಿ!” ಎಂದು ಮೇಜು ಕುಟ್ಟಿ ನಕ್ಕರು.

ಮಧ್ಯಾಹ್ನದ ಬಸ್ಸಿನಲ್ಲಿ ಗೋಕಾಕಕ್ಕೆ ಬಂದೆ. ತೀರ್ಪು ಬರೆದ ಮ್ಯಾಜಿಸ್ಟ್ರೇಟರಿಗೆ ವರ್ಗವಾಗಿತ್ತು. ಕೋರ್ಟಿನ ಹಳೆಯ ಗುಮಾಸ್ತರೊಬ್ಬರು ಸಿಕ್ಕರು. “ಆ ಮನಷ್ಯಾ ಗೆದ್ದ ಮ್ಯಾಲೂ ಮೂರು ಸಲ ಬಂದಿದ್ದ ನೋಡ್ರಿ. ಊರ ಮಂದಿ ನನ್ನ ಹೊಲಕ್ಕ ಬರಬೇಕು ಅಂತ ಇದರಾಗ ಎಲ್ಲಿ ಬರದೈತಿ, ಓದಿ ಹೇಳ್ರಿ ಅಂದ. ಹಂಗ ಬರಿಯಾಕ ಬರೂದಿಲ್ಲಪಾ ಅಂದೆ. ಹಂಗಾರ ಏನ್ ಗೆದ್ದೆ ನಾನು ಅಂದ.”

ಆ ರಾತ್ರಿ ಖಾನಾವಳಿಯಲ್ಲಿ ಒಬ್ಬನೇ ಉಂಡೆ. ಬಡಿಸುವವನು ರೊಟ್ಟಿ ಬೇಕೆ ಎಂದು ಕೇಳಿದ್ದು ಬಿಟ್ಟರೆ ಸಂಜೆಯಿಂದ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಪ್ರವಾಸದ ಕೆಲಸದಲ್ಲಿ ಇದು ರೂಢಿ. ಕಾನೂನು ಕಾಲೇಜಿನಲ್ಲಿ ನಾನು ಒಂದು ವರ್ಷ ಓದಿ ಬಿಟ್ಟವನು. ಕಾನೂನು ಎಂದರೆ ಆಳುವವನ ಅಪ್ಪಣೆ, ಅದರ ಬೆನ್ನಿಗೆ ಶಿಕ್ಷೆ ಇರುತ್ತದೆ ಎಂದು ಒಂದು ಪಾಠ ಹೇಳುತ್ತಿತ್ತು. ಅಲ್ಲ, ಜನ ಕೂಡಿ ಬಾಳುವಾಗ ತಾವೇ ಪಾಲಿಸುವ ಕಟ್ಟಳೆಯೇ ನಿಜವಾದ ಕಾನೂನು, ಕೋರ್ಟಿನದು ಅದರ ಮೇಲಿನ ತೆಳು ಪದರ ಎಂದು ಇನ್ನೊಂದು. ಆಗ ಪರೀಕ್ಷೆಗಾಗಿ ಎರಡನ್ನೂ ಬಾಯಿಪಾಠ ಮಾಡಿದ್ದೆ.

ಮರುದಿನ ಮೂಡಲಗಿಯವರೆಗೆ ಬಸ್ಸು, ಅಲ್ಲಿಂದ ಹಿಂಡಿ ಹೇರಿದ ಚಕ್ಕಡಿ. ಗಾಡಿಯವನು ಆ ಊರಿನವನೇ. ಅರ್ಧ ದಾರಿ ತನ್ನ ಎತ್ತಿನ ಗುಣಗಾನ ಮಾಡಿದ. “ಯಾರ ಮನಿಗಿ ಹೊಂಟೀರಿ?” ಎಂದ. ಹೇಳಿದೆ. “ಹೌದ್ರ್ಯಾ,” ಎಂದವನು ಮತ್ತೆ ಎತ್ತಿನ ವಿಷಯವನ್ನೂ ಎತ್ತಲಿಲ್ಲ. ಊರ ಹೊರಗೇ ಇಳಿಸಿದ.

ನಾನು ಓಣಿಗೆ ಕಾಲಿಟ್ಟಾಗ ಸಿದ್ರಾಮಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನಲವತ್ತೈದರ ಸುಮಾರಿನ ಗಟ್ಟಿ ಆಳು. ನಾನು ಕೂರುವಷ್ಟರಲ್ಲಿ ಒಬ್ಬ ಮುದುಕ ಹಾದುಹೋದ. “ಊಟ ಆತೇನು, ಸಿದ್ರಾಮಾ?” “ಆತು.” ಮುದುಕ ನಿಲ್ಲಲಿಲ್ಲ. ಹಿಂದೆಯೇ ಇಬ್ಬರು ಬಂದರು. ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯವನು ನನ್ನನ್ನೂ ಕೇಳಿದ: “ನಿಮ್ಮದ್ರಿ?” ನಾನು ಇನ್ನೂ ಉಂಡಿಲ್ಲ ಎನ್ನುವಷ್ಟರಲ್ಲಿ ಅವನು ತಿರುವು ದಾಟಿದ್ದ.

“ಮದಲ ಎಂಟು ದಿನ ನಮ್ಮವರು ಹಿಗ್ಗಿದ್ರು,” ಎಂದು ಅವನ ಹೆಂಡತಿ ಗಂಗವ್ವ ಒಳಗಿನಿಂದ ಹೇಳಿದಳು. “ನಾ ಅಂದೆ, ಮುಂಜಾನಿ ಹಲ್ಲ ತಿಕ್ಕಾಗ ಊಟ ಆತೇನು ಅಂತ ಯಾರ್ ಕೇಳ್ತಾರ? ಇದು ಮಾತಲ್ಲ, ಹಾಜರಿ.”

ಬಿಸಿ ರೊಟ್ಟಿ, ಝುಣಕ, ಮಜ್ಜಿಗೆ ಬಂತು. ಉಣ್ಣುವಾಗ ಅವರ ಚಿಂತೆ ತಿಳಿಯಿತು. ಕಬ್ಬು ಗಾಣದ ಹದಕ್ಕೆ ಬಂದಿತ್ತು. ಬಿಸಿಲು ಏರಿದರೆ ರಸ ಬತ್ತಿ ಬೆಲ್ಲ ಕೆಡುತ್ತದೆ. ಕಡಿಯಲು, ಹೊರಲು, ಗಾಣಕ್ಕೆ ಕೊಡಲು, ಕೊಪ್ಪರಿಗೆಯ ಕೆಳಗೆ ಉರಿ ಹಾಕಲು ಹತ್ತಾರು ಕೈ ಬೇಕು. ಆ ಊರಲ್ಲಿ ಇದು ಮುಯ್ಯಿಯಿಂದ ನಡೆಯುತ್ತದೆ: ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನದರಲ್ಲಿ ದುಡಿಯಬೇಕು. ಅದಕ್ಕೆ ಪಗಾರವಿಲ್ಲ, ಊಟ ಮಾತ್ರ. ಹಾಗೆ ಮಾಡಿದ ಕೆಲಸವನ್ನು ತೀರಿಸದವನು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಆ ವರ್ಷ ಸಿದ್ರಾಮಪ್ಪನನ್ನು ಯಾರೂ ಕರೆದಿರಲಿಲ್ಲ. ಹೀಗಾಗಿ ಅವನ ಹೊಲಕ್ಕೆ ಬರಬೇಕಾದವರೂ ಯಾರೂ ಇರಲಿಲ್ಲ.

“ಕಾಲವಿ ಬಾಜೂಕ ಕೂಲಿ ಮಂದೀದೊಂದು ಟೋಳಿ ಇಳಿದೈತಿ. ಕರಕೊಂಡ್ ಬರ್ರಿ ಅಂದ್ರ ಒಲ್ಲೆ ಅಂತಾರ,” ಎಂದಳು ಗಂಗವ್ವ.

“ಕೂಲಿಯವರನ್ನ ತಂದ್ರ, ನಾನು ಈ ಊರಾಂವ ಅಲ್ಲ ಅಂತ ನಾನ ಒಪ್ಪಿದಂಗ,” ಎಂದ ಸಿದ್ರಾಮಪ್ಪ. “ಕೋರ್ಟು ಹೌದು ಅಂದದ್ದನ್ನ ನಾನ ಅಲ್ಲ ಅಂದಂಗ.”

ಸಂಜೆ ಗೌಡರನ್ನು ಕಂಡೆ. ನಾನು ಕಲ್ಪಿಸಿಕೊಂಡಂಥ ಗದರುವ ಮನುಷ್ಯರಲ್ಲ. ಸಣ್ಣ ದನಿಯ ವೃದ್ಧರು. “ದಂಡ ಕಟ್ಟೇನಿ. ಕೋರ್ಟಿನ ಮಾತು ಮೀರಿಲ್ಲ,” ಎಂದರು. “ಈಗ ಅವನ್ನ ಮದಲಿನಂಗ ಕರಕೊಂಡ್ರ, ನಾಳಿ ಕೋಳಿ ಜಗಳಕ್ಕೂ ಗೋಕಾಕಕ್ಕ ಹೋಗ್ತಾರ. ವರ್ಷಗಟ್ಟಲೆ ತಿರಗ್ತಾರ, ಹೊಲಾ ಮಾರ್ತಾರ. ಇಲ್ಲಿ ಒಂದ ಹೊತ್ತಿನಾಗ ಮುಗೀತಿತ್ತು. ನೀವು ಪೇಪರಿನವರು, ಇದನ್ನೂ ಬರೀರಿ.” ಬರೆದುಕೊಂಡೆ. ಅದರಲ್ಲಿ ಸುಳ್ಳಿರಲಿಲ್ಲ. ದೈವದ ತೀರ್ಪಿನಲ್ಲಿ ಬದು ಪಡೆದ ನೆರೆಯವನು ತಮ್ಮ ಅಳಿಯ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ಗಂಗವ್ವ ಆಮೇಲೆ ಹೇಳಿದಳು.

ಮರುದಿನ ಬೆಳಿಗ್ಗೆ ಸಿದ್ರಾಮಪ್ಪ ಕುಡಗೋಲು ಹೆಗಲಿಗೇರಿಸಿ ಹೊರಟ. ತನ್ನ ಹೊಲಕ್ಕಲ್ಲ, ಗೌಡರ ಹೊಲಕ್ಕೆ. ಅಲ್ಲಿ ಊರಿನ ಮುಯ್ಯಾಳುಗಳು ಕಬ್ಬು ಕಡಿಯುತ್ತಿದ್ದರು. “ಕರೀಲಾರದ ಹೊಂಟೇನಿ,” ಎಂದ ನನಗೆ. “ಹೊಳ್ಳಿ ಕಳಿಸಿದ್ರ ಬಹಿಷ್ಕಾರ ಆಕ್ಕೈತಿ, ಕೋರ್ಟು ಐತಿ. ಕಳಿಸಲಿಲ್ಲ ಅಂದ್ರ ನನ್ನ ಮುಯ್ಯಿ ಅವರ ಮ್ಯಾಲ ಏರತೈತಿ, ತೀರಸಾಕ ಬರಲೇಬೇಕು.” ಅವನು ಇದನ್ನು ಬಹಳ ದಿನ ಯೋಚಿಸಿರಬೇಕು. ನಾನೂ ಹಿಂದೆ ನಡೆದೆ.

ಅವನು ಸಾಲಿಗೆ ನಿಂತು ಕಡಿಯತೊಡಗಿದಾಗ ಎಲ್ಲರ ಕೈ ತುಸು ನಿಂತು ಮತ್ತೆ ನಡೆಯಿತು. ಗೌಡರು ಗಾಣದ ಹತ್ತಿರ ಇದ್ದರು, ನೋಡಿದರು, ಹೊರಟುಹೋಗು ಎನ್ನಲಿಲ್ಲ. ಪಕ್ಕದ ಸಾಲಿನಲ್ಲಿ ಬಾಳಪ್ಪ ಎಂಬವನಿದ್ದ, ಸಿದ್ರಾಮಪ್ಪನ ಜೊತೆ ಶಾಲೆ ಕಲಿತವನು. ಸ್ವಲ್ಪ ಹೊತ್ತು ಬಿಗಿದುಕೊಂಡೇ ಕಡಿದ. ಆಮೇಲೆ ತಡೆಯದೆ ಅಂದ:

“ಏ ಸಿದ್ರಾಮ, ನಿನ್ನ ಕುಡಗೋಲು ಬಾಳ ಮೊಂಡ ಆಗೇತಲೇ. ಕೋರ್ಟಿನಾಗ ಕೂತು ಕೂತು ಜಂಗ ಹತ್ತಿತೇನ?”

“ನಿನ್ನ ನಾಲಿಗಿಗಿ ಹತ್ತಿಲ್ಲಲ್ಲ, ಅಷ್ಟ ಸಾಕು.”

“ಸಾಕ್ ಬಿಡಪಾ, ಇನ್ನೊಂದ್ ಮಾತಂದ್ರ ನನ್ನ ಮ್ಯಾಲೂ ಕೇಸ್ ಹಾಕ್ತಿ!”

ಸಾಲಿಡೀ ನಕ್ಕಿತು. ಸಿದ್ರಾಮಪ್ಪನೂ ನಕ್ಕ. ಯಾರೋ ನೀರಿನ ತಂಬಿಗೆ ಅವನ ಕಡೆ ಚಾಚಿದರು. ನನ್ನ ಸುದ್ದಿಗೆ ಕೊನೆ ಸಿಕ್ಕಿತೆಂದುಕೊಂಡೆ. ವಾಕ್ಯಗಳನ್ನೂ ಮನಸ್ಸಿನಲ್ಲೇ ಜೋಡಿಸತೊಡಗಿದೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಬೇವಿನ ನೆರಳಿಗೆ ಬಂದರು. ಎಲೆ ಹಾಕುತ್ತಿರುವಾಗ ಗೌಡರು ಎದ್ದು ಬಂದು ಸಿದ್ರಾಮಪ್ಪನ ಮುಂದೆ ನಿಂತರು. ಅಂಗಿಯ ಕಿಸೆಯಿಂದ ಒಂದು ರೂಪಾಯಿ ತೆಗೆದು ಚಾಚಿದರು.

“ಗೌಡ್ರ, ನಾ ಕೂಲಿಗಿ ಬಂದಿಲ್ಲ,” ಎಂದ ಸಿದ್ರಾಮಪ್ಪ.

“ದುಡಿದಾಂವಗ ಪಗಾರ ಕೊಡದ ಕಳಸೂದು ತಪ್ಪಪಾ.” ದನಿ ಏರಲಿಲ್ಲ. “ಪೇಪರಿನವರು ಇಲ್ಲೇ ಅದಾರ. ಅವರೂ ನೋಡ್ಲಿ, ಕೊಟ್ಟೇನಿ.”

ಅವರು ನನ್ನ ಕಡೆ ನೋಡಿದರು. ಸಿದ್ರಾಮಪ್ಪನೂ ನೋಡಿದ. ಗೌಡರು ಮಾಡಿದ್ದರಲ್ಲಿ ತಪ್ಪು ಹಿಡಿಯುವ ಕಾಯ್ದೆ ನನಗೆ ಗೊತ್ತಿರಲಿಲ್ಲ. ಬಾಳಪ್ಪ ತನ್ನ ಎಲೆಯ ಧೂಳು ಒರೆಸುತ್ತ ತಲೆ ತಗ್ಗಿಸಿದ. ಮುಯ್ಯಾಳಿಗೆ ಊಟ, ಕೂಲಿಯವನಿಗೆ ರೂಪಾಯಿ. ಅವನ ಮುಂದೆ ಎಲೆ ಬೀಳಲಿಲ್ಲ. ಕೊನೆಗೆ ಸಿದ್ರಾಮಪ್ಪ ಕೈ ಚಾಚಿ ರೂಪಾಯಿ ತೆಗೆದುಕೊಂಡ, ಕುಡಗೋಲು ಎತ್ತಿಕೊಂಡು ಹೊರಟ.

ಅವನು ಮನೆಯತ್ತ ಹೋಗಲಿಲ್ಲ. ಕಾಲುವೆಯ ದಂಡೆಗೆ ನೇರ ನಡೆದು, ಕೂಲಿ ಟೋಳಿಯ ಮುಖ್ಯಸ್ಥನ ಕೈಗೆ ಆ ರೂಪಾಯಿಯನ್ನೇ ಮುಂಗಡದ ಸಂಚಕಾರವಾಗಿ ಇಟ್ಟ. “ನಾಳಿ ಬರ್ರಿ,” ಎಂದ. ದಾರಿಯಲ್ಲಿ ನಾನು ಏನೋ ಸಮಾಧಾನ ಹೇಳಲು ಹೋದೆ. “ಬ್ಯಾಡ್ರಿ,” ಎಂದ. ಗಂಗವ್ವ ಸುದ್ದಿ ಕೇಳಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಉರಿ ಸಣ್ಣ ಮಾಡಿದಳು. ಕೂಲಿಯವರನ್ನು ಕರೆಯಿರಿ ಎಂದು ಅಷ್ಟು ದಿನ ಹೇಳಿದವಳು ಅವಳೇ.

ಮರುದಿನ ಬೆಳಿಗ್ಗೆ ಮೂಡಲಗಿಗೆ ಹೋಗುವ ಚಕ್ಕಡಿ ಸಿಕ್ಕಿತು. ಗೋಕಾಕ ರೋಡ ಸ್ಟೇಶನ್ನಿನಲ್ಲಿ ಸಂಜೆಯ ಗಾಡಿ ಹಿಡಿಯಬೇಕಿತ್ತು. ದಾರಿ ಸಿದ್ರಾಮಪ್ಪನ ಹೊಲವನ್ನು ಬಳಸಿಯೇ ಹೋಗುತ್ತದೆ. ಟೋಳಿಯವರು ಆಗಲೇ ಕಬ್ಬಿಗೆ ಇಳಿದಿದ್ದರು. ಚುರುಕಾದ, ಮಾತಿಲ್ಲದ ಕೆಲಸ. ಮುಯ್ಯಿಯ ಹೊಲದಲ್ಲಿ ಯಜಮಾನ ಮೊದಲ ಸಾಲು ಹಿಡಿದು ಎಲ್ಲರ ಜೊತೆ ಕಡಿಯುತ್ತಾನೆ. ಕೂಲಿಯ ಹೊಲದಲ್ಲಿ ಅವನು ದಂಡೆಯ ಮೇಲೆ ನಿಂತು ನೋಡುತ್ತಾನೆ. ಸಿದ್ರಾಮಪ್ಪ ಕೋರ್ಟು ತನಗೆ ಕೊಟ್ಟ ಬದುವಿನ ಮೇಲೆ ನಿಂತಿದ್ದ. ನಾನು ಕೈ ಎತ್ತಿದೆ. ಅವನೂ ಎತ್ತಿದ. ಆಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.