ಕಾರು ನಿಲ್ಲುವ ಜಾಗಕ್ಕೇ ಹೋಗುವ ಆರುಮುಗಂ

ಬೆಳಕು ಹರಿಯುವ ಹೊತ್ತು. ಬಂಗಾರಪೇಟೆ ರಸ್ತೆಯಲ್ಲಿ ಹಳೆಯ ಅಂಬಾಸಿಡರ್ ಓಡುತ್ತಿದೆ. ಸ್ಟಿಯರಿಂಗ್ ಹಿಡಿದಿರುವವರು ಊರಿಗಾಂನ ಮೆಕ್ಯಾನಿಕ್ ಆರುಮುಗಂ. ಪಕ್ಕದಲ್ಲಿ ಕಾರಿನ ಯಜಮಾನ, ಆಂಡರ್ಸನ್‌ಪೇಟೆಯ ಆದಿನಾರಾಯಣ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಅಮ್ಮಾಜಮ್ಮ, ಕೋಲಾರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೊರಟವರು. ಹೋದ ಸಲ ಇದೇ ಕಾರು ನಡುದಾರಿಯಲ್ಲಿ ಕೈಕೊಟ್ಟು ಆಕೆಯ ಸರದಿ ತಪ್ಪಿಹೋಗಿತ್ತು. ಈ ಸಲವೂ ತಪ್ಪಿದರೆ ಜೀವಕ್ಕೇ ಕುತ್ತು.

ಬೇರೆ ಅಂಗಡಿಯವರು ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು, ಜೆಟ್ ಬದಲಿಸಿದ್ದಾಯಿತು. ಕೊನೆಗೆ ಗುಜರಿಗೆ ಹಾಕಿ ಎಂದು ಕೈತೊಳೆದುಕೊಂಡರು. ಕೈಕೊಟ್ಟ ಮೇಲೆ ತುಸು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವ ಈ ಕಳ್ಳ ಕಾರಿನ ಬಾನೆಟ್ಟನ್ನು ಆರುಮುಗಂ ಎತ್ತಲೇ ಇಲ್ಲ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ತಾವೇ ಓಡಿಸಿಕೊಂಡು ಹೋಗುವುದು ಅವರ ಪದ್ಧತಿ.

"ಕಾಯಿಲೆ ಇದ್ದಾಗ್ಲೇ ನೋಡ್ಬೇಕಣ್ಣ. ವಾಸಿಯಾದ್ಮೇಲೆ ಏನ್ ಕಾಣಿಸ್ತದೆ?" ಎನ್ನುತ್ತಾರೆ.

ಬಂಗಾರಪೇಟೆ ಇನ್ನೇನು ಬಂತು ಎನ್ನುವಾಗ ಕಾರು ಕೆಮ್ಮಿ, ಮುಗ್ಗರಿಸಿ, ನಿಂತೇಬಿಡುತ್ತದೆ. ಅಮ್ಮಾಜಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆರುಮುಗಂ ಮಾತ್ರ ಖುಷಿಯಿಂದಲೇ ಇಳಿದು ಸೀದಾ ಹಿಂದಕ್ಕೆ ಹೋಗುತ್ತಾರೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಯಾರೋ ಹಾಲಿನ ಪ್ಯಾಕೆಟ್ ಸುತ್ತಿ, ಸೈಕಲ್ ಟ್ಯೂಬಿನಿಂದ ಬಿಗಿದಿದ್ದಾರೆ. ಬಿಚ್ಚಿ ತಿರುಗಿಸಿದರೆ ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಳ್ಳುತ್ತದೆ.

ಗಾಳಿಕಾಲದಲ್ಲಿ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ದೂಳು ಒಳಗೆ ಹೋಗದಿರಲೆಂದು ತಾವೇ ಕಟ್ಟಿದ್ದಾಗಿ ಆದಿನಾರಾಯಣ ಒಪ್ಪಿಕೊಳ್ಳುತ್ತಾರೆ. ದಿಬ್ಬದ ಮಗ್ಗುಲಲ್ಲೇ ಅವರ ಮನೆ. ನೀರಿನ ಚೊಂಬಿಗೂ ಮುಚ್ಚಳ ಹಾಕಿಡುವ ಅಭ್ಯಾಸ. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಬರಲು ಮುಚ್ಚಳದಲ್ಲಿದ್ದ ಸಣ್ಣ ತೂತು ಅದರಿಂದ ಮುಚ್ಚಿಹೋಗಿತ್ತು. ಗಾಳಿ ಬಾರದೆ ಕಾರ್ಬುರೇಟರಿಗೆ ಪೆಟ್ರೋಲ್ ಬರುವುದಾದರೂ ಹೇಗೆ? ತುಸು ಹೊತ್ತು ನಿಂತಾಗ ಸಂದಿಯಿಂದ ಒಂದಿಷ್ಟು ಗಾಳಿ ನುಸುಳಿ ಕಾರು ಮತ್ತೆ ಹೊರಡುತ್ತಿತ್ತು.

ಆರುಮುಗಂ ಬೈಯುವುದಿಲ್ಲ. "ನಮ್ಮಪ್ಪ ಗಣಿ ಕೆಳಗಿರೋರ್ಗೆ ಗಾಳಿ ಕಳಿಸೋ ಫ್ಯಾನ್ ನೋಡ್ಕೊಂತಿದ್ದ. ಮೇಲಿಂದ ಗಾಳಿ ಓಗ್ದಿದ್ರೆ ಕೆಳಗೆ ಏನೂ ನಡ್ಯಲ್ಲ ಅಂತಿದ್ದ."

ಕಾರು ಮತ್ತೆ ಹೊರಡುತ್ತದೆ. ಬಂಗಾರಪೇಟೆ ದಾಟಿಸಿ, ಸ್ಟಿಯರಿಂಗನ್ನು ಆದಿನಾರಾಯಣರಿಗೆ ಬಿಟ್ಟು ಆರುಮುಗಂ ಇಳಿಯುತ್ತಾರೆ. ತಲುಪುತ್ತದಾ ಎಂದು ಅಮ್ಮಾಜಮ್ಮ ಕಿಟಕಿಯಿಂದ ಕೇಳುತ್ತಾರೆ.

"ಓಯ್ತದಮ್ಮ. ನೀವು ಒರಗ್ಕೊಂಡು ನಿದ್ದೆ ಮಾಡಿ."

ಹೇಳಿಬಿಟ್ಟರೇನೋ ಸರಿ, ದಿನವಿಡೀ ಅವರ ಕಿವಿ ರಸ್ತೆಯ ಮೇಲೆಯೇ. ಸಂಜೆ, ಊರಿಗಾಂನ ಅಂಗಡಿಯಲ್ಲಿ ಯಾವುದೋ ಎಂಜಿನ್ನಿಗೆ ಬಗ್ಗಿರುವಾಗ ಪರಿಚಿತ ಸದ್ದೊಂದು ಹತ್ತಿರವಾಗುತ್ತದೆ. ಹಿಂದಿನ ಕಿಟಕಿಯಿಂದ ಬಳೆ ತೊಟ್ಟ ಕೈಯೊಂದು ಬೀಸುತ್ತದೆ. ಅಂಬಾಸಿಡರ್ ಆಂಡರ್ಸನ್‌ಪೇಟೆಯ ಕಡೆಗೆ ಸಾಗಿಹೋಗುತ್ತದೆ.

ಆರುಮುಗಂ ಕೈ ಒರೆಸಿಕೊಳ್ಳುತ್ತಾ ಎದುರು ನಿಂತ ಗಿರಾಕಿಯತ್ತ ತಿರುಗುತ್ತಾರೆ. "ನೋಡಿದ್ರಾ? ನಮ್ಮ ಅಂಗಡಿ ಮುಂದೆ ನಿಲ್ಲಲೇ ಇಲ್ಲ."